ಸೈಕಲ್ಲಿನವನ ಧರ್ಮಸೂಕ್ಷ್ಮ

ಹಿರಣ್ಯಕಶಿಪು ಬೇಡಿ ಪಡೆದ ವರದ ವಿವರ ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠ. ಹಗಲಿನಲ್ಲಿ ಸಾಯಬಾರದು, ಇರುಳಿನಲ್ಲಿಯೂ ಸಾಯಬಾರದು; ಮನೆಯ ಒಳಗಾಗಬಾರದು, ಹೊರಗಾಗಬಾರದು; ಮನುಷ್ಯನಿಂದಾಗಬಾರದು, ಮೃಗದಿಂದಾಗಬಾರದು. ಇಷ್ಟೆಲ್ಲ ನಿರ್ಬಂಧಗಳ ನಡುವೆ ಉಳಿದಿದ್ದ ಕಿರಿದಾದ ಸಂದಿಯೊಂದರಲ್ಲಿ ನರಸಿಂಹನ ಅವತಾರವಾಯಿತು. ನಮ್ಮ ಪಟ್ಟಣಗಳ ರಸ್ತೆಗಳ ಮೇಲೆ ಇಂದಿಗೂ ಅಂಥದೇ ಸಂದಿಯೊಂದರಲ್ಲಿ ಬಾಳುತ್ತಿರುವ ಜೀವಿಯೊಂದುಂಟು. ಅದು ನಡೆಯುವವರ ಜಾತಿಗೂ ಸೇರದು, ಮೋಟಾರಿನವರ ಜಾತಿಗೂ ಸೇರದು. ಅದರ ಹೆಸರು ಸೈಕಲ್ ಸವಾರ.

ಸಂಶಯವಿದ್ದವರು ಯಾವುದಾದರೊಂದು ವೃತ್ತದ ಅಂಚಿನಲ್ಲಿ ಐದು ನಿಮಿಷ ನಿಂತು ನೋಡಬಹುದು. ಹಸಿರು ದೀಪ ಉರಿಯುತ್ತಿರುವಷ್ಟು ಹೊತ್ತು ಆತ ವಾಹನ. ಬಸ್ಸು ಲಾರಿಗಳ ಸಾಲಿನಲ್ಲಿ ತಾನೂ ಒಬ್ಬನೆಂಬ ಠೀವಿಯಿಂದ ಸಾಗುತ್ತಾನೆ. ಕೆಂಪು ದೀಪ ಬಂತೋ, ಕೆಳಗಿಳಿದು ಹ್ಯಾಂಡಲ್ಲು ಹಿಡಿದು ಪಟ್ಟೆಗಳ ಮೇಲೆ ತಳ್ಳಿಕೊಂಡು ಹೊರಟ ತಕ್ಷಣ ಪಾದಚಾರಿಯಾಗುತ್ತಾನೆ. ರಸ್ತೆ ದಾಟಿ ಮತ್ತೆ ಏರಿದನೆಂದರೆ ಪುನಃ ವಾಹನ. ಏಕಮುಖ ಸಂಚಾರದ ಫಲಕ ಎದುರಾದರೆ, ಆ ಫಲಕ ತನಗಿಂತ ಘನವಾದ ವಸ್ತುಗಳನ್ನು ಕುರಿತು ಬರೆದದ್ದೆಂದು ಭಾವಿಸಿ, ಅದರ ಬುಡದಲ್ಲಿಯೇ ನುಸುಳಿಕೊಂಡು ಹೋಗುತ್ತಾನೆ. ಕಾವಲಿನ ಪೋಲೀಸಿನವನು ಇದನ್ನೆಲ್ಲ ಕಂಡೂ ಕಾಣದವನಂತೆ ಹಿಂದಿನ ಮೋಟಾರು ಬೈಕಿನವನ ಶಿರಸ್ತ್ರಾಣದ ಕಡೆಗೆ ದೃಷ್ಟಿ ಹಾಯಿಸುತ್ತಾನೆ.

ಇದರಿಂದ ಮೋಟಾರಿನವರಿಗೆ ಸಹಜವಾಗಿಯೇ ಕೋಪ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ವಾರಕ್ಕೊಮ್ಮೆಯಾದರೂ ಈ ಪ್ರಸ್ತಾಪ ಏಳುತ್ತದೆ. ಹೊಸದಾಗಿ ಕಾರು ಕೊಂಡಿರುವ ನಮ್ಮ ಅರ್ಥಶಾಸ್ತ್ರದ ಮಿತ್ರರು, "ನಮಗೆ ಲೈಸೆನ್ಸು, ವಿಮೆ, ತೆರಿಗೆ, ಹೊಗೆಯ ಪರೀಕ್ಷೆ; ತಪ್ಪಿದರೆ ಫೋಟೋ ಸಮೇತ ಮನೆಗೇ ನೋಟೀಸು. ಆ ಮಹಾರಾಯರಿಗೆ ಏನುಂಟು ಹೇಳಿ? ಒಂದು ಗಂಟೆಯಾದರೂ ಇದೆಯೆ?" ಎಂದು ಕೇಳುತ್ತಾರೆ. ಅವರ ಆಕ್ಷೇಪಣೆಯ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ರಾತ್ರಿ ದೀಪವಿಲ್ಲದ ಸೈಕಲ್ಲುಗಳು, ಬಲಬದಿಯಲ್ಲಿ ಎದುರೆದುರು ಬರುವವರು, ಒಂದು ಕೈಯಲ್ಲಿ ಹ್ಯಾಂಡಲ್ಲು ಮತ್ತೊಂದರಲ್ಲಿ ಮೊಬೈಲು ಹಿಡಿದ ಯುವಕರು, ಸಂಜ್ಞೆ ಕೊಡದೆ ಫಕ್ಕನೆ ಬಲಕ್ಕೆ ತಿರುಗುವವರು, ಇವರನ್ನೆಲ್ಲ ನಾವು ದಿನವೂ ಕಾಣುತ್ತೇವೆ. ಸೈಕಲ್ಲಿನವನು ಬಡವನೆಂಬ ಒಂದೇ ಕಾರಣದಿಂದ ಆತನ ತಪ್ಪು ಒಪ್ಪಾಗುವುದಿಲ್ಲ. ಆದರೆ ಸೈಕಲ್ಲಿಗೂ ಕಾಯಿದೆಗೂ ನಡುವಿನ ಸಂಬಂಧ ನಮ್ಮ ಮಿತ್ರರು ತಿಳಿದಷ್ಟು ಸರಳವಾದದ್ದಲ್ಲ. ಅದು ಸೈಕಲ್ಲಿನಷ್ಟೇ ಹಳೆಯ ಕಥೆ.

೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಮರದ ಯಂತ್ರವನ್ನು ರಸ್ತೆಗಿಳಿಸಿದ. ಪೆಡಲೂ ಇರಲಿಲ್ಲ, ಸರಪಳಿಯೂ ಇರಲಿಲ್ಲ. ಅಂದಿನ ರಸ್ತೆಗಳು ಗಾಡಿಯ ಜಾಡುಗಳಿಂದ ಹಳ್ಳಬಿದ್ದಿದ್ದವು. ಆದಕಾರಣ ಸವಾರರು ನುಣುಪಾದ ಕಾಲುದಾರಿಯನ್ನೇರಿದರು. ಕಾಲುದಾರಿಯಲ್ಲಿ ನಡೆಯುತ್ತಿದ್ದವರು ಬೆಚ್ಚಿಬಿದ್ದರು, ದೂರು ಕೊಟ್ಟರು. ಕೆಲವೇ ವರ್ಷಗಳೊಳಗೆ ಜರ್ಮನಿ, ಇಂಗ್ಲೆಂಡು, ಅಮೆರಿಕಗಳ ಊರುಗಳಲ್ಲಿ, ಅಷ್ಟೇಕೆ, ನಮ್ಮ ಕಲ್ಕತ್ತೆಯಲ್ಲಿಯೂ ಈ ಯಂತ್ರಕ್ಕೆ ನಿಷೇಧ ಬಿತ್ತು. ಸೈಕಲ್ಲು ಇನ್ನೂ ಸೈಕಲ್ಲಾಗುವ ಮೊದಲೇ ಅಪರಾಧಿಯಾಯಿತು! ರಸ್ತೆ ಕೆಟ್ಟದ್ದೆಂದು ಕಾಲುದಾರಿಗೆ ಏರುವುದು, ಏರಿದ್ದಕ್ಕಾಗಿ ಬೈಸಿಕೊಳ್ಳುವುದು, ಈ ವ್ಯಾಜ್ಯ ಇನ್ನೂರು ವರ್ಷ ದಾಟಿದರೂ ತೀರ್ಮಾನವಾಗಿಲ್ಲ.

ಅನಂತರ ಪೆಡಲು ಬಂತು, ವೇಗವೂ ಬಂತು. ೧೮೭೯ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ವಿನೋದವಾದ ಪ್ರಶ್ನೆ ನಿಂತಿತು. ಒಬ್ಬಾತ ಸೈಕಲ್ಲನ್ನು ಉಗ್ರವೇಗದಿಂದ ಓಡಿಸಿದನೆಂಬ ಆರೋಪ. ಉಗ್ರವೇಗವನ್ನು ದಂಡಿಸುವ ೧೮೩೫ರ ಹೆದ್ದಾರಿ ಕಾಯಿದೆಯಲ್ಲಿ ಇದ್ದದ್ದು ಗಾಡಿಯ ಮಾತು, ಸೈಕಲ್ಲಿನ ಮಾತಿರಲಿಲ್ಲ. ಸೈಕಲ್ಲೂ ಒಂದು ಗಾಡಿಯೇ ಎಂದು ನ್ಯಾಯಾಲಯ ಹೇಳಿತು. ೧೮೮೮ರಲ್ಲಿ ಅಲ್ಲಿನ ಪಾರ್ಲಿಮೆಂಟು ಅದೇ ಮಾತನ್ನು ಶಾಸನದಲ್ಲಿಯೇ ಬರೆದು, ಸೂರ್ಯಾಸ್ತವಾದ ಒಂದು ಗಂಟೆಯಿಂದ ಸೂರ್ಯೋದಯಕ್ಕೆ ಒಂದು ಗಂಟೆಯ ಮುಂಚಿನವರೆಗೆ ದೀಪ ಹೊತ್ತಿಸಿರಬೇಕು, ಮುಂದಿರುವವರನ್ನು ಹಾದುಹೋಗುವಾಗ ಗಂಟೆಯನ್ನೋ ಸೀಟಿಯನ್ನೋ ಬಾರಿಸಬೇಕು ಎಂದು ವಿಧಿಸಿತು. ಗಾಡಿಯ ಕರ್ತವ್ಯಗಳನ್ನು ಹೊರಿಸಿದಾಗ ಗಾಡಿಯ ಹಕ್ಕೂ ಜೊತೆಯಲ್ಲಿಯೇ ಬಂತೆಂಬುದನ್ನು ಗಮನಿಸಬೇಕು. ಗಾಡಿಗೆ ರಸ್ತೆಯ ಮೇಲೆ ಸ್ಥಳವುಂಟು. ಅದನ್ನು ಯಾರೂ ಬದಿಗೆ ತಳ್ಳುವಂತಿಲ್ಲ.

ನಮ್ಮ ನಾಡಿನಲ್ಲಿಯೂ ಸೈಕಲ್ಲಿಗೆ ಅಂಥ ಮರ್ಯಾದೆಯ ಕಾಲವೊಂದಿತ್ತು. ಮನೆಯ ಹಿರಿಯರನ್ನು ಕೇಳಿದರೆ ಕಥೆಗಳ ಗಂಟೇ ಬಿಚ್ಚುತ್ತದೆ. ಪುರಸಭೆಗೆ ವರ್ಷಕ್ಕಿಷ್ಟೆಂದು ಸೈಕಲ್ಲಿನ ತೆರಿಗೆ ಕಟ್ಟಿ, ಅವರು ಕೊಟ್ಟ ಲೋಹದ ಬಿಲ್ಲೆಯನ್ನು ಸೈಕಲ್ಲಿಗೆ ತಗುಲಿಸಿಕೊಳ್ಳಬೇಕಾಗಿತ್ತು. ಸಂಜೆಯಾದ ಮೇಲೆ ದೀಪವಿಲ್ಲದೆ ಹೊರಟರೆ ದಂಡ. ಸೀಮೆಎಣ್ಣೆಯ ದೀಪ ಗುಂಡಿಗೆ ಬಿದ್ದ ಕೂಡಲೆ ಆರಿಹೋಗುತ್ತಿತ್ತು. ಆಗ ಪೋಲೀಸಿನವನಿಗೆ ದೀಪದ ಗಾಜನ್ನು ಮುಟ್ಟಿ ತೋರಿಸಿ, "ನೋಡಿ ಸ್ವಾಮಿ, ಇನ್ನೂ ಬಿಸಿಯಾಗಿದೆ, ಈಗತಾನೆ ಆರಿತು" ಎಂದು ಸಾಕ್ಷ್ಯ ಹೇಳಬೇಕಾಗಿತ್ತಂತೆ. ಇಬ್ಬರು ಒಂದೇ ಸೈಕಲ್ಲಿನಲ್ಲಿ ಹೋಗುವುದಕ್ಕೆ 'ಡಬಲ್ಸ್' ಎಂದು ಹೆಸರು, ಅದೂ ಅಪರಾಧವೇ. ದೂರದಲ್ಲಿ ಪೋಲೀಸಿನ ಟೋಪಿ ಕಂಡರೆ ಹಿಂದೆ ಕುಳಿತವನು ಧುಮುಕಿ, ಸವಾರನಿಗೂ ತನಗೂ ಪರಿಚಯವೇ ಇಲ್ಲವೆಂಬಂತೆ ಆಕಾಶ ನೋಡುತ್ತ ನಡೆದು, ತಿರುವು ದಾಟಿದ ಮೇಲೆ ಓಡಿಹೋಗಿ ಮತ್ತೆ ಹತ್ತುತ್ತಿದ್ದ. ಸಿಕ್ಕಿಬಿದ್ದವರ ಟೈರಿನ ಗಾಳಿ ಬಿಡಿಸುವುದು ಪೋಲೀಸಿನವರ ತತ್‌ಕ್ಷಣದ ನ್ಯಾಯ.

ಈ ಕಥೆಗಳನ್ನು ಕೇಳಿ ನಾವು ನಗುತ್ತೇವೆ. ಆದರೆ ಇವುಗಳಲ್ಲಿ ನಗೆಗಿಂತ ಮುಖ್ಯವಾದ ಸಂಗತಿಯೊಂದಿದೆ. ಸೈಕಲ್ಲಿನವನನ್ನು ದಂಡಿಸಲು ಕೈಯೆತ್ತಿದ ಕಾಯಿದೆ ಆತನನ್ನು ಕಣ್ಣಿಟ್ಟು ನೋಡುತ್ತಿತ್ತು. ಬಿಲ್ಲೆ ಕಟ್ಟಿಸಿಕೊಂಡ ಪುರಸಭೆಗೆ ತನ್ನ ಊರಿನಲ್ಲಿ ಎಷ್ಟು ಸೈಕಲ್ಲುಗಳುಂಟೆಂಬ ಲೆಕ್ಕ ಗೊತ್ತಿತ್ತು. ಇಂದು ನಮ್ಮ ಊರುಗಳಲ್ಲಿ ಸೈಕಲ್ಲಿನವನನ್ನು ಯಾರೂ ನಿಲ್ಲಿಸುವುದಿಲ್ಲ, ಕೇಳುವುದಿಲ್ಲ, ಎಣಿಸುವುದೂ ಇಲ್ಲ. ದಂಡವಿಲ್ಲದ ಈ ಸ್ವಾತಂತ್ರ್ಯ ಸ್ವಾತಂತ್ರ್ಯವೋ, ಉಪೇಕ್ಷೆಯೋ ಎಂಬುದು ವಿಚಾರ ಮಾಡತಕ್ಕ ವಿಷಯ.

ಈಗಿನ ಕಾಯಿದೆಯ ಮಾತನ್ನು ಸ್ವಲ್ಪ ನೋಡೋಣ. ನಮ್ಮ ರಸ್ತೆಗಳನ್ನು ಮುಖ್ಯವಾಗಿ ಆಳುತ್ತಿರುವುದು ೧೯೮೮ರ ಮೋಟಾರು ವಾಹನಗಳ ಕಾಯಿದೆ. ಹೆಸರೇ ಹೇಳುವಂತೆ ಅದು ಮೋಟಾರು ಉಳ್ಳವರ ಸಂವಿಧಾನ. ಕಾಲಿನ ಬಲದಿಂದ ನಡೆಯುವ ಸೈಕಲ್ಲು ಅದರ ಅರ್ಥದಲ್ಲಿ ಮೋಟಾರು ವಾಹನವಲ್ಲ. ಆದ್ದರಿಂದ ಲೈಸೆನ್ಸಿಲ್ಲ, ನಂಬರಿಲ್ಲ, ವಿಮೆಯಿಲ್ಲ. ಹಾಗೆಂದು ಸೈಕಲ್ಲಿನವನು ಕಾಯಿದೆಯ ಹೊರಗೇನೂ ಇಲ್ಲ. ೨೦೨೪ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೮೧ನೆಯ ಕಲಮು ಯಾವುದೇ ವಾಹನವನ್ನು ಜನರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ ಓಡಿಸುವುದು ಅಪರಾಧವೆನ್ನುತ್ತದೆ. ಅಲ್ಲಿ ಮೋಟಾರೆಂಬ ಶಬ್ದವಿಲ್ಲ. ೨೦೧೯ರಲ್ಲಿ ಮೋಟಾರು ಕಾಯಿದೆಗೆ ತಿದ್ದುಪಡಿ ಬಂದಾಗ, ಯಂತ್ರಬಲವಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಸಂಚಾರದ ಬಗ್ಗೆ ರಾಜ್ಯಗಳು ನಿಯಮಗಳನ್ನು ಮಾಡಬಹುದೆಂದು ೧೩೮ನೆಯ ಕಲಮಿಗೆ ಒಂದು ಉಪಕಲಮು ಸೇರಿಸಿದರು. ಮಾಡಬಹುದು ಎಂದರೆ ನಮ್ಮಲ್ಲಿ ಮಾಡದಿದ್ದರೂ ನಡೆಯುತ್ತದೆಂದೇ ಅರ್ಥ. ಆರು ವರ್ಷಗಳ ಬಳಿಕ, ೨೦೨೫ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟು ಆ ನಿಯಮಗಳನ್ನು ಆರು ತಿಂಗಳೊಳಗೆ ರಚಿಸಿರೆಂದು ರಾಜ್ಯಗಳಿಗೆ ಆದೇಶವೀಯಬೇಕಾಯಿತು.

ಇದೆಲ್ಲ ಪುಸ್ತಕದ ಮಾತಾಯಿತು. ಪುಸ್ತಕದಾಚೆ ನಡೆದ ಸಂಗತಿಯೊಂದನ್ನು ಹೇಳದೆ ಮುಂದುವರಿಯಲಾರೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಬೆಳಗಿನ ಜಾವ ಎದ್ದು ಸೈಕಲ್ಲಿನ ಮೇಲೆ ಮನೆಮನೆಗೆ ಪತ್ರಿಕೆ ಹಾಕಿ, ಸ್ನಾನ ಮುಗಿಸಿ, ಮೊದಲನೆಯ ಗಂಟೆಗೆ ತಪ್ಪದೆ ಬಂದು ಕುಳಿತುಕೊಳ್ಳುತ್ತಿದ್ದ. ಹಳಗನ್ನಡದ ಪಾಠದ ಸಮಯದಲ್ಲಿ ಆಗಾಗ ಕಣ್ಣು ಮುಚ್ಚುತ್ತಿದ್ದುದನ್ನು ಕಂಡರೂ ನಾನು ಎಬ್ಬಿಸುತ್ತಿರಲಿಲ್ಲ. ಕಳೆದ ವರ್ಷ ಮಳೆಗಾಲದ ಒಂದು ಬೆಳಗ್ಗೆ, ಏಕಮುಖ ಸಂಚಾರದ ರಸ್ತೆಯೊಂದರಲ್ಲಿ ಆತ ನೂರಡಿಯಷ್ಟು ದೂರ ಎದುರುಮುಖವಾಗಿ ಹೋದ. ಒಂದು ಕಾರು ತಾಗಿತು. ಬಲಗೈ ಮುರಿಯಿತು.

ಕಾರಿನವರು ಕೆಟ್ಟವರಲ್ಲ, ಇಳಿದು ನೀರು ಕುಡಿಸಿದರು. ಆದರೆ ಸೇರಿದ ಜನರೆಲ್ಲ ಒಂದೇ ಸ್ವರದಲ್ಲಿ ಹೇಳಿದ ಮಾತು, "ಒನ್‌ವೇಯಲ್ಲಿ ಬಂದವನು ನೀನು, ತಪ್ಪು ನಿನ್ನದು" ಎಂದು. ಕಾರಿನವರು ಮೂರು ಸಾವಿರ ರೂಪಾಯಿಗಳನ್ನು ಕೈಗಿತ್ತು ಹೊರಟುಹೋದರು. ದೂರೂ ಇಲ್ಲ, ದಾಖಲೆಯೂ ಇಲ್ಲ. ಕೈಗೆ ಶಸ್ತ್ರಚಿಕಿತ್ಸೆಯಾಯಿತು. ಬರೆಯಲಾಗದೆ ಪರೀಕ್ಷೆ ತಪ್ಪಿತು. ಪತ್ರಿಕೆಯ ಏಜೆಂಟರು ಬೇರೊಬ್ಬ ಹುಡುಗನನ್ನು ಗೊತ್ತುಮಾಡಿಕೊಂಡರು. ನಾನು ಮನೆಗೆ ಹೋದಾಗ, ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಅವನ ತಾಯಿ ಬಾಗಿಲಲ್ಲೇ ನಿಂತು, "ತಪ್ಪು ಇವನದೇ ಅಂತಾರಲ್ಲ ಮೇಷ್ಟ್ರೇ, ನಾವು ಯಾರನ್ನ ಕೇಳೋಣ?" ಎಂದರು. ಹುಡುಗ ತಲೆ ತಗ್ಗಿಸಿಕೊಂಡು, "ಸುತ್ತಿಬಂದರೆ ಒಂದು ಕಿಲೋಮೀಟರಾಗುತ್ತೆ ಸಾರ್. ಆ ಗಲ್ಲಿಯಲ್ಲಿ ಮೂರೇ ಮನೆ" ಎಂದ.

ಮೂರು ಮನೆಗಾಗಿ ಒಂದು ಕಿಲೋಮೀಟರು! ಕಾರಿನವರಿಗೆ ಆ ಸುತ್ತು ಎರಡು ನಿಮಿಷದ ಮಾತು. ಬಲಗಾಲನ್ನು ತುಸು ಒತ್ತಿದರಾಯಿತು. ಪತ್ರಿಕೆಯ ಹೊರೆ ಹೊತ್ತು ಎಂಬತ್ತು ಮನೆಗಳನ್ನು ಏಳು ಗಂಟೆಯೊಳಗೆ ಮುಟ್ಟಬೇಕಾದ ಹುಡುಗನಿಗೆ ಅದು ಉಸಿರಿನ ಲೆಕ್ಕ. ಏಕಮುಖದ ಫಲಕವನ್ನು ನೆಟ್ಟವರ ಮನಸ್ಸಿನಲ್ಲಿ ಇದ್ದದ್ದು ಮೋಟಾರುಗಳ ಇಕ್ಕಟ್ಟು, ಈ ಹುಡುಗನಲ್ಲ. ಆತ ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಎದುರುಮುಖವಾಗಿ ಬರುವ ಸೈಕಲ್ಲನ್ನು ತಿರುವಿನಲ್ಲಿ ಯಾವ ಚಾಲಕನೂ ನಿರೀಕ್ಷಿಸಲಾರ. ಆದರೆ ತಪ್ಪಿನ ಪ್ರಮಾಣಕ್ಕೂ ಫಲದ ಪ್ರಮಾಣಕ್ಕೂ ಇಲ್ಲಿರುವ ಅಂತರ ನನ್ನ ಮನಸ್ಸನ್ನು ಬಹಳ ದಿನ ಕೊರೆಯಿತು.

ಅನಂತರ ವಕೀಲ ಮಿತ್ರರೊಬ್ಬರನ್ನು ಕಂಡು ವಿಚಾರಿಸಿದೆ. ಅವರು ಹೇಳಿದ ಸಂಗತಿ ನಮ್ಮ ಓದುಗರಲ್ಲಿ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಮೋಟಾರು ವಾಹನದಿಂದ ಅಪಘಾತವಾಗಿ ಸಾವು ಸಂಭವಿಸಿದರೆ ಐದು ಲಕ್ಷ, ತೀವ್ರ ಗಾಯವಾದರೆ ಎರಡೂವರೆ ಲಕ್ಷ ರೂಪಾಯಿಗಳ ಪರಿಹಾರವನ್ನು, ಯಾರ ತಪ್ಪೆಂದು ರುಜುವಾತು ಮಾಡಬೇಕಾದ ಅಗತ್ಯವಿಲ್ಲದೆಯೇ, ವಾಹನದ ಮಾಲೀಕರಿಂದ ಅಥವಾ ವಿಮೆಯ ಕಂಪೆನಿಯಿಂದ ಕೇಳುವುದಕ್ಕೆ ಮೋಟಾರು ಕಾಯಿದೆಯ ೧೬೪ನೆಯ ಕಲಮಿನಲ್ಲಿ ಅವಕಾಶವುಂಟು. ಮೂಳೆ ಮುರಿದದ್ದು ಕಾಯಿದೆಯ ದೃಷ್ಟಿಯಲ್ಲಿ ತೀವ್ರ ಗಾಯವೇ. ಹೊಡೆದವರು ನಿಲ್ಲದೆ ಓಡಿಹೋದ ಪಕ್ಷದಲ್ಲಿಯೂ ಸರ್ಕಾರದ ನಿಧಿಯಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ಸಲ್ಲತಕ್ಕದ್ದು. ಆದರೆ ಇದಕ್ಕೆಲ್ಲ ಪೋಲೀಸು ಠಾಣೆಯಲ್ಲಿ ದಾಖಲೆಯಾಗಬೇಕು, ಆಸ್ಪತ್ರೆಯ ಕಾಗದಗಳಿರಬೇಕು; ಮೊದಲು ಹೇಳಿದ ಪರಿಹಾರಕ್ಕೆ ವಾಹನದ ನಂಬರೂ ಗೊತ್ತಿರಬೇಕು. ರಸ್ತೆಯ ಬದಿಯಲ್ಲಿ ಮೂರು ಸಾವಿರಕ್ಕೆ ಮುಗಿದ ರಾಜಿಯಲ್ಲಿ ಇವೆಲ್ಲ ಮುಳುಗಿಹೋಗುತ್ತವೆ. ಪುಣ್ಯಕ್ಕೆ ಕಾರಿನ ನಂಬರನ್ನು ಹಾಲಿನ ಅಂಗಡಿಯವರು ಬರೆದಿಟ್ಟಿದ್ದರು. ತಡವಾಗಿಯಾದರೂ ದೂರು ದಾಖಲಾಗಿ ಅರ್ಜಿ ಹೋಗಿದೆ. ತೀರ್ಮಾನ ಇನ್ನೂ ಬಂದಿಲ್ಲ. ತಪ್ಪು ನಿನ್ನದೆಂದು ಜನ ಹೇಳಿದ ಮಾತ್ರಕ್ಕೆ ಬಡವರು ತಮಗೆ ಸಲ್ಲಬೇಕಾದದ್ದನ್ನೂ ಬಿಟ್ಟುಬಿಡುತ್ತಾರೆ. ಬಡವನ ಕೋಪ ದವಡೆಗೆ ಮೂಲವೆಂಬ ಗಾದೆ ಅವರಿಗೆ ಅನುಭವದಿಂದಲೇ ಬಂದದ್ದು.

ಇನ್ನು ಕೆಂಪು ದೀಪದ ವಿಷಯ. ಸೈಕಲ್ಲಿನವನು ನಿಲ್ಲುವುದಕ್ಕೆ ಏಕೆ ಅಷ್ಟೊಂದು ಹಿಂಜರಿಯುತ್ತಾನೆ? ಸೋಮಾರಿತನವೆ, ಧಾರ್ಷ್ಟ್ಯವೆ? ನಮ್ಮ ಭೌತಶಾಸ್ತ್ರದ ಮಿತ್ರರು ಒಂದು ದಿನ ಸೀಮೆಸುಣ್ಣ ಹಿಡಿದು ಇದಕ್ಕೆ ಲೆಕ್ಕ ಹಾಕಿ ತೋರಿಸಿದರು. ಸವಾರ ಮತ್ತು ಸೈಕಲ್ಲು ಸೇರಿ ಎಂಬತ್ತು ಕಿಲೋ ತೂಕ, ಗಂಟೆಗೆ ಹದಿನೈದು ಕಿಲೋಮೀಟರು ವೇಗವೆಂದು ಇಟ್ಟುಕೊಂಡರೆ, ಅದರ ಚಲನಶಕ್ತಿ ಸುಮಾರು ಏಳುನೂರು ಜೂಲ್. ನಿಂತರೆ ಅಷ್ಟೂ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ; ಮತ್ತೆ ಹೊರಡುವಾಗ ಅಷ್ಟನ್ನೂ ತೊಡೆಯ ಸ್ನಾಯುಗಳೇ ಒದಗಿಸಬೇಕು. ಕಾರಿನ ಎಂಜಿನ್ನಿಗೆ ಈ ಆಯಾಸವಿಲ್ಲ. ಸೈಕಲ್ಲಿನವನು ನಿಲ್ಲಲೊಲ್ಲದ್ದು ಧರ್ಮದ್ವೇಷದಿಂದಲ್ಲ, ದೇಹಧರ್ಮದಿಂದ. ಆದರೆ ಅದೇ ಲೆಕ್ಕದ ಎರಡನೆಯ ಸಾಲು ಇನ್ನಷ್ಟು ಗಂಭೀರವಾದದ್ದು. ಸಾವಿರದ ಇನ್ನೂರು ಕಿಲೋ ತೂಕದ ಕಾರು ಗಂಟೆಗೆ ಐವತ್ತು ಕಿಲೋಮೀಟರು ವೇಗದಲ್ಲಿ ಬರುತ್ತಿದ್ದರೆ ಅದರ ಚಲನಶಕ್ತಿ ಒಂದು ಲಕ್ಷ ಹದಿನೈದು ಸಾವಿರ ಜೂಲಿಗೂ ಹೆಚ್ಚು. ಎಂದರೆ ಸೈಕಲ್ಲಿನದರ ನೂರ ಅರುವತ್ತು ಪಟ್ಟಿಗೂ ಮಿಗಿಲು. ಇಬ್ಬರೂ ಒಂದೇ ನಿಯಮವನ್ನು ಮುರಿಯಬಹುದು. ಇಬ್ಬರೂ ಒಂದೇ ಅಪಾಯವನ್ನು ಉಂಟುಮಾಡುವುದಿಲ್ಲ.

ಈ ವ್ಯತ್ಯಾಸವನ್ನು ಮನಗಂಡ ಊರುಗಳೂ ಜಗತ್ತಿನಲ್ಲಿವೆ. ಅಮೆರಿಕದ ಐಡಹೊ ಸಂಸ್ಥಾನ ೧೯೮೨ರಲ್ಲಿಯೇ ಒಂದು ಕಾಯಿದೆ ಮಾಡಿ, 'ನಿಲ್ಲು' ಎಂಬ ಫಲಕದೆದುರು ಸೈಕಲ್ಲಿನವನು ವೇಗ ತಗ್ಗಿಸಿ, ಬರುವವರಿಗೆ ದಾರಿಕೊಟ್ಟು, ಯಾರೂ ಇಲ್ಲದಿದ್ದರೆ ಪೂರ್ತಿ ನಿಲ್ಲದೆಯೇ ಸಾಗಬಹುದೆಂದು ವಿಧಿಸಿತು. ಪ್ಯಾರಿಸ್ ನಗರದಲ್ಲಿ ೨೦೧೨ರಲ್ಲಿ ಪ್ರಯೋಗವಾಗಿ ಆರಂಭಿಸಿ, ಕೆಲವು ಕೂಡುರಸ್ತೆಗಳಲ್ಲಿ ಕೆಂಪು ದೀಪವಿದ್ದರೂ ಸೈಕಲ್ಲಿನವರು ಬಲಕ್ಕೆ ತಿರುಗಬಹುದೆಂದು ಪುಟ್ಟ ಫಲಕಗಳನ್ನು ಹಾಕಿದರು. ಪಾದಚಾರಿಗೆ ಮಾತ್ರ ಮೊದಲು ದಾರಿ ಬಿಡಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ನಡೆಯುವುದರಿಂದ ಅವರ ಬಲ ನಮ್ಮ ಎಡ. ಹಾಲೆಂಡಿನ ಎಷ್ಟೋ ಏಕಮುಖ ರಸ್ತೆಗಳಲ್ಲಿ ಪ್ರವೇಶವಿಲ್ಲವೆಂಬ ಫಲಕದ ಕೆಳಗೆ ಸೈಕಲ್ಲಿನವರ ಹೊರತು ಎಂಬ ಇನ್ನೊಂದು ಕಿರುಫಲಕವಿರುತ್ತದೆ. ಅಂಥ ಒಂದು ಗೇಣುದ್ದದ ತಗಡೂ, ಜೊತೆಗೆ ಎದುರು ಬರುವವರಿಗೆಂದು ಎಳೆದ ಬಿಳಿಯ ಗೆರೆಯೊಂದೂ ನಮ್ಮ ಹುಡುಗನ ರಸ್ತೆಯಲ್ಲಿ ಇದ್ದಿದ್ದರೆ ಕಾರಿನವರು ಎದುರಿನ ಸೈಕಲ್ಲನ್ನು ನಿರೀಕ್ಷಿಸುತ್ತಿದ್ದರು.

ಹಾಲೆಂಡಿನವರು ಹುಟ್ಟುತ್ತಲೇ ಇಷ್ಟು ವಿವೇಕಿಗಳಾಗಿದ್ದರೆಂದು ತಿಳಿಯಬೇಕಾಗಿಲ್ಲ. ಅಲ್ಲಿಯೂ ಮೋಟಾರಿನ ಮೋಹ ಹಿಡಿದು, ೧೯೭೧ರ ಒಂದೇ ವರ್ಷದಲ್ಲಿ ಸುಮಾರು ಮೂರು ಸಾವಿರದ ಮುನ್ನೂರು ಮಂದಿ ರಸ್ತೆಗಳಲ್ಲಿ ಸತ್ತರು; ಅವರಲ್ಲಿ ನಾನೂರಕ್ಕೂ ಮಿಕ್ಕವರು ಮಕ್ಕಳು. ಆಗ ತಂದೆತಾಯಿಗಳು 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಕೂಗಿನೊಡನೆ ಬೀದಿಗಿಳಿದರು. ಇಂದು ಅಲ್ಲಿ ಮೋಟಾರು ಸೈಕಲ್ಲಿಗೆ ತಾಗಿದರೆ ನಷ್ಟದ ಹೊಣೆ ಮೊದಲು ಮೋಟಾರಿನವರ ತಲೆಯ ಮೇಲೆ. ಗಾಯಗೊಂಡದ್ದು ಹದಿನಾಲ್ಕು ವರ್ಷದೊಳಗಿನ ಮಗುವಾದರೆ, ತಪ್ಪು ಮಗುವಿನದಾಗಿದ್ದರೂ, ಸಾಮಾನ್ಯವಾಗಿ ಪೂರ್ಣ ಪರಿಹಾರ. ಬಲವುಳ್ಳವನಿಗೆ ಹೆಚ್ಚಿನ ಹೊಣೆ. ನಮ್ಮ ಧರ್ಮಶಾಸ್ತ್ರಗಳ ನಾಡಿಗೆ ಈ ನ್ಯಾಯ ಅಪರಿಚಿತವಾಗಿ ತೋರಬಾರದು.

ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದದ್ದು ಮತ್ತೆ ಅದೇ ಕಲ್ಕತ್ತೆ. ೨೦೦೮ರಲ್ಲಿ ಕೆಲವು ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ೨೦೧೩ರ ವೇಳೆಗೆ ಆ ಸಂಖ್ಯೆ ೧೭೪ಕ್ಕೆ ಮುಟ್ಟಿತು. ಹಾಲಿನವರು, ಪತ್ರಿಕೆಯವರು, ಕೂಲಿಯವರು ಪ್ರತಿಭಟಿಸಿದ ಮೇಲೆ ಪಟ್ಟಿ ಕಿರಿದಾಯಿತು. ೨೦೨೦ರ ಮಹಾಮಾರಿಯಲ್ಲಿ ಬಸ್ಸು ರೈಲುಗಳು ನಿಂತುಹೋದಾಗ ಮಾತ್ರ, ಜನ ಕೆಲಸಕ್ಕೆ ಹೋಗಬೇಕಾದರೆ ಸೈಕಲ್ಲೂ ಬೇಕೆಂಬುದು ಅಧಿಕಾರಿಗಳಿಗೆ ಹೊಳೆದು ಹಲವು ರಸ್ತೆಗಳು ತೆರೆದವು. ೨೦೧೧ರ ಜನಗಣತಿಯಂತೆ ನಮ್ಮ ದೇಶದ ನೂರು ಮನೆಗಳಲ್ಲಿ ನಲವತ್ತೈದರಲ್ಲಿ ಸೈಕಲ್ಲಿತ್ತು. ಮೋಟಾರು ದ್ವಿಚಕ್ರಗಳಿದ್ದ ಮನೆಗಳು ಇಪ್ಪತ್ತೊಂದು, ಕಾರಿದ್ದ ಮನೆಗಳು ಐದಕ್ಕೂ ಕಡಮೆ. ರಸ್ತೆಯನ್ನು ಹಂಚುವಾಗ ಈ ಎಣಿಕೆಯನ್ನು ತಲೆಕೆಳಗು ಮಾಡಿ ಓದಿದಂತೆ ತೋರುತ್ತದೆ.

ನಮ್ಮಲ್ಲಿ ಒಳ್ಳೆಯ ಪ್ರಯತ್ನಗಳೂ ಆಗದೆ ಇಲ್ಲ. ೨೦೦೬-೦೭ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ಆರಂಭಿಸಿದಾಗ, ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದಾರಿ ಹತ್ತಿರವಾಯಿತು. ಮೈಸೂರಿನಲ್ಲಿ ೨೦೧೭ರ ಜೂನಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಿಂದ ಸಾರ್ವಜನಿಕ ಸೈಕಲ್ಲುಗಳ ಏರ್ಪಾಡು ಬಂತು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಾಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ೨೦೨೦ರಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪಥ ಗುರುತಿಸಿದರು. ಆದರೆ ಸೈಕಲ್ ಪಥವೆಂಬುದು ನಮ್ಮ ನಗರಗಳಲ್ಲಿ ಹಲವು ಕಡೆ ಕಾರು ನಿಲ್ಲಿಸುವವರಿಗೆ ಕಟ್ಟಿಸಿಕೊಟ್ಟ ಜಗಲಿಯಾಗುತ್ತದೆ. ಉಳಿದ ಕಡೆ ಅವಸರದ ಬೈಕಿನವರಿಗೆ ಒಳದಾರಿಯಾಗುತ್ತದೆ. ಸೈಕಲ್ ಪಥದಲ್ಲಿ ಮೋಟಾರು ಓಡಿಸಬಾರದೆಂಬುದು ೧೯೮೯ರ ರಸ್ತೆ ನಿಯಮಗಳಲ್ಲಿಯೇ ಇದ್ದ ಮಾತು. ಸೈಕಲ್ಲಿನವರು ನಿಯಮ ಪಾಲಿಸುವುದಿಲ್ಲವೆಂದು ದೂರುವ ಮಹನೀಯರು ತಮ್ಮ ಕಾರು ಈ ಹೊತ್ತು ಎಲ್ಲಿ ನಿಂತಿದೆಯೆಂದು ಒಮ್ಮೆ ಕಿಟಕಿಯಿಂದ ನೋಡಿ ಬಂದರೆ ಚರ್ಚೆ ಸುಲಭವಾಗುತ್ತದೆ.

ಹಾಗಾದರೆ ಸೈಕಲ್ಲಿನವನ ಧರ್ಮವೇನು? ಕಾಯಿದೆ ತನ್ನನ್ನು ಮರೆತಿದೆಯೆಂದು ಆತ ಕಾಯಿದೆಯನ್ನು ಮರೆಯಬಹುದೆ? ನನ್ನ ಉತ್ತರ, ಬಾರದು ಎಂದೇ. ಅದಕ್ಕೆ ಕಾರಣ ಪೋಲೀಸಿನ ಭಯವಲ್ಲ. ಆತನಿಗಿಂತಲೂ ದುರ್ಬಲರಾದವರು ರಸ್ತೆಯಲ್ಲಿದ್ದಾರೆ. ಕೋಲೂರಿಕೊಂಡು ದಾಟುವ ಮುದುಕರಿಗೆ ಕೆಂಪು ದೀಪವೇ ಅಭಯಹಸ್ತ. ಸದ್ದಿಲ್ಲದೆ ನುಗ್ಗಿಬರುವ ಸೈಕಲ್ಲು ಅವರ ಪಾಲಿಗೆ ಲಾರಿಯಷ್ಟೇ ಭಯಂಕರ. ಬಲವುಳ್ಳವನಿಗೆ ಹೆಚ್ಚಿನ ಹೊಣೆಯೆಂಬ ನ್ಯಾಯವನ್ನು ಕಾರಿನವರ ಮುಂದೆ ಹಿಡಿಯುವ ಸೈಕಲ್ಲಿನವನು ಕಾಲುನಡಿಗೆಯವರ ಮುಂದೆ ತಾನೂ ಅದಕ್ಕೆ ತಲೆಬಾಗಬೇಕು. ಎರಡನೆಯದಾಗಿ, ನಿಯಮವೆಂದರೆ ಒಬ್ಬರು ಮುಂದೇನು ಮಾಡುವರೆಂಬುದನ್ನು ಇನ್ನೊಬ್ಬರು ಊಹಿಸುವುದಕ್ಕೆ ಇರುವ ಸಂಕೇತ. ಎಡಬದಿಯಲ್ಲಿ ನೇರವಾಗಿ ಸಾಗಿ, ತಿರುಗುವ ಮುನ್ನ ಕೈ ಚಾಚಿ ತೋರಿಸುವ ಸವಾರನನ್ನು ಒಳ್ಳೆಯ ಚಾಲಕ ಕಾಯುತ್ತಾನೆ. ಊಹೆಗೆ ನಿಲುಕದವನನ್ನು ಕಾಯುವುದು ದೇವರಿಗೂ ಕಷ್ಟ.

ಮೋಟಾರಿನವರಿಗೂ ಎರಡು ಮಾತು ಹೇಳಬೇಕು. ನಿಂತ ಕಾರಿನ ಬಾಗಿಲನ್ನು ತೆರೆಯುವ ಮುಂಚೆ ಹಿಂದೆ ತಿರುಗಿ ನೋಡಿ. ದೂರದ ಕೈಯಿಂದ ಬಾಗಿಲು ತೆರೆಯುವ ಅಭ್ಯಾಸ ಮಾಡಿಕೊಂಡರೆ ಭುಜ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಸೈಕಲ್ಲನ್ನು ದಾಟಿಹೋಗುವಾಗ ಒಂದು ಮಾರಿಗೆ ಕಡಮೆಯಿಲ್ಲದ ಅಂತರವಿರಲಿ, ಏಕೆಂದರೆ ರಸ್ತೆಯ ಗುಂಡಿ ಆತನನ್ನು ಯಾವ ಕ್ಷಣದಲ್ಲಾದರೂ ಬದಿಗೆ ಹೊರಳಿಸಬಹುದು. ಅವನ ಬೆನ್ನ ಹಿಂದೆ ಹಾರನ್ನು ಒತ್ತಿದರೆ ಆತ ಬೆಚ್ಚುತ್ತಾನೆಯೇ ಹೊರತು ಬೇಗ ಹೋಗಲಾರ. ಆತನ ಎಂಜಿನ್ನು ಬೆಳಗ್ಗೆ ತಿಂದ ಎರಡು ಇಡ್ಲಿಯಷ್ಟೇ.

ತಾಯಂದಿರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸಬಹುದೆ? ನಮ್ಮ ದೇಶದಲ್ಲಿ ೨೦೨೨ರಲ್ಲಿ ರಸ್ತೆ ಅಪಘಾತಗಳಿಂದ ಸತ್ತ ೧.೬೮ ಲಕ್ಷ ಜನರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರೆಂಬುದನ್ನು ಬಲ್ಲವನು ಹಗುರವಾಗಿ ಹೂಂ ಎನ್ನಲಾರ. ಆದರೆ ಭಯದಿಂದ ಒಂದೊಂದು ಮನೆಯೂ ಮಗುವನ್ನು ಕಾರಿನಲ್ಲಿ ಕೂರಿಸಿದರೆ, ಶಾಲೆಯ ಮುಂದೆ ಕಾರುಗಳೇ ತುಂಬಿ, ಉಳಿದ ಮಕ್ಕಳಿಗೆ ಅಪಾಯ ಇಮ್ಮಡಿಯಾಗುತ್ತದೆ. ಒಂದು ಭಾನುವಾರ ಬೆಳಗ್ಗೆ ಮಗಳೊಡನೆ ನೀವೂ ಆ ದಾರಿಯಲ್ಲಿ ಸೈಕಲ್ಲು ತುಳಿದುಕೊಂಡು ಹೋಗಿ ಬನ್ನಿ. ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿದು ತಳ್ಳಬೇಕು, ಯಾವ ತಿರುವಿನಲ್ಲಿ ಬಸ್ಸು ಒತ್ತರಿಸುತ್ತದೆ ಎಂಬುದು ಆಗ ತಿಳಿಯುತ್ತದೆ. ಆ ತಿರುವಿನ ಸಂಗತಿಯನ್ನು ನಾಲ್ಕಾರು ಮನೆಯವರು ಕೂಡಿ ನಗರಪಾಲಿಕೆಗೆ ಬರೆದುಕೊಡಿ. ಒಬ್ಬರ ಅರ್ಜಿಗಿಂತ ಬೀದಿಯವರ ಅರ್ಜಿಗೆ ತೂಕ ಹೆಚ್ಚು.

ಮತ್ತೆ, ನಿಮ್ಮ ಮನೆಗೆ ಹಾಲು, ಪತ್ರಿಕೆ, ಸೊಪ್ಪು ತರುವವರ ಸೈಕಲ್ಲನ್ನು ನಾಳೆ ಬೆಳಗ್ಗೆ ಒಮ್ಮೆ ಗಮನಿಸಿ ನೋಡಿ. ಹೊಸ ಸೈಕಲ್ಲುಗಳಿಗೆ ಬೆಳಕು ಹಿಂದಿರುಗಿಸುವ ಬಿಲ್ಲೆಗಳಿರಬೇಕೆಂದು ಕೇಂದ್ರ ಸರ್ಕಾರ ೨೦೨೦ರಲ್ಲಿ ಆದೇಶ ಹೊರಡಿಸಿತು. ಹಳೆಯ ಸೈಕಲ್ಲುಗಳಿಗೆ ಅದೂ ಇರುವುದಿಲ್ಲ. ಬ್ಯಾಟರಿಯ ಕೆಂಪು ದೀಪವೊಂದಕ್ಕೆ ಒಂದು ಸಿನಿಮಾ ಟಿಕೆಟ್ಟಿನಷ್ಟು ಬೆಲೆಯಾದೀತು. ಈ ಸಲದ ಹಬ್ಬದ ಭಕ್ಷೀಸಿನ ಜೊತೆಗೆ ಅಂಥದೊಂದನ್ನು ಕೊಂಡು ಹಿಂಬದಿಯ ಮಡ್‌ಗಾರ್ಡಿಗೆ ಕಟ್ಟಿಸಿಕೊಡಿ. ರಾಜ್ಯದ ನಿಯಮಗಳು ಬರುವಾಗ ಬರಲಿ. ಅಲ್ಲಿಯವರೆಗೆ ಬೆಳಗಿನ ಜಾವದ ಕತ್ತಲಲ್ಲಿ ಆ ಹುಡುಗ ಹಿಂದಿನವರ ಕಣ್ಣಿಗಾದರೂ ಬೀಳಲಿ.